ಆರು ತಂಬಿಗೆ, ಆರು ಲೋಟ

ಹರಳಕೋಟೆಯಲ್ಲಿ ನೀರಿಗೆ ಮಿತಿ ಇರಲಿಲ್ಲ, ಕುಡಿಯುವ ಮನುಷ್ಯನಿಗಿತ್ತು. ಕೇಳಲು ಒಗಟಿನ ಹಾಗಿದ್ದರೂ ಅದು ಆ ನಗರದ ಕಾನೂನು. ಹಿಂದಿನವರು ಲೀಟರಿನ ಮೇಲೆ ಗೆರೆ ಎಳೆದಿದ್ದರು. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ ಒಂದು ಮಿಲಿಗ್ರಾಂ ಮೀರಬಾರದು, ಬೇರೆ ನೀರಿನ ಗತಿಯೇ ಇಲ್ಲದ ಊರಾದರೆ ಒಂದೂವರೆವರೆಗೆ ನಡೆಯುತ್ತದೆ ಎಂದು. ಆ ಗೆರೆಯ ಹಿಂದೆ ಒಬ್ಬ ಊಹೆಯ ಮನುಷ್ಯ ಕೂತಿದ್ದ. ಅವನು ದಿನಕ್ಕೆ ಸುಮಾರು ಎರಡು ಲೀಟರ್ ನೀರು ಕುಡಿಯುತ್ತಿದ್ದ. ಅವನು ಬಿಸಿಲಲ್ಲಿ ಕಲ್ಲು ಒಡೆಯುವವನೋ, ಫ್ಯಾನಿನ ಕೆಳಗೆ ಕೂತು ಸಹಿ ಹಾಕುವವನೋ ಎಂದು ಯಾರೂ ವಿಚಾರಿಸಿರಲಿಲ್ಲ.

ಹರಳಕೋಟೆಯ ನದಿ ವರ್ಷದಿಂದ ವರ್ಷಕ್ಕೆ ಸೊರಗುತ್ತ ಬಂದು, ಅರ್ಧ ಊರಿಗೆ ಕೊಳವೆಬಾವಿಯ ನೀರೇ ಗತಿ ಎಂದಾದಾಗ ಕೆಲವು ಜಾಣರು ಕೇಳಿದರು: ಮಿತಿಯನ್ನು ನೀರಿಗೆ ಹಾಕುವ ಬದಲು ಮೈಗೆ ಹಾಕಿದರೆ ಹೇಗೆ? ದೊಡ್ಡವರ ಮೈಗೆ ದಿನಕ್ಕೆ ಮೂರು ಮಿಲಿಗ್ರಾಂ, ಚಿಕ್ಕ ಮಕ್ಕಳಿಗೆ ಒಂದು. ಹೆಚ್ಚು ಕುಡಿಯುವವರ ಓಣಿಗೆ ಹೆಚ್ಚು ನದಿ ನೀರು, ಕಡಿಮೆ ಕುಡಿಯುವವರ ಓಣಿಗೆ ಹೆಚ್ಚು ಕೊಳವೆಬಾವಿ ನೀರು. ನದಿ ನೀರಿನಲ್ಲಿ ಫ್ಲೋರೈಡ್ ಇದ್ದೂ ಇಲ್ಲದಷ್ಟು, ಕೊಳವೆಬಾವಿಯದರಲ್ಲಿ ಲೀಟರಿಗೆ ಮೂರು ಮಿಲಿಗ್ರಾಮಿನ ಮೇಲೆ. ಎರಡನ್ನೂ ಹದವಾಗಿ ಬೆರೆಸಿದರೆ, ಇರುವ ನೀರಿನಲ್ಲೇ ಯಾರ ಮೈಯೂ ಮಿತಿ ದಾಟದಂತೆ ನೋಡಿಕೊಳ್ಳಬಹುದು. ಈ ಬೆರೆಸುವ ಕೆಲಸಕ್ಕೆ ಒಂದು ಗಣಕಯಂತ್ರ ಬಂತು. ಯಾವ ವಾರ್ಡಿನವರು ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ ಎಂಬ ಅಂಕಿಯನ್ನು ಅದಕ್ಕೆ ಉಣಿಸಿದ್ದರು. ಅದನ್ನು ನೋಡಿಕೊಂಡು ನಲವತ್ತು ವಾರ್ಡುಗಳ ನಲವತ್ತು ಕವಾಟಗಳನ್ನು ಅದು ಗಂಟೆಗೊಮ್ಮೆ ತಿರುಗಿಸುತ್ತಿತ್ತು. ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಜನ ಪಾಲುಗಾರ ಎಂದು ಕರೆದರು. ಒಂಬತ್ತು ವರ್ಷದಿಂದ ಪಾಲುಗಾರ ಊರಿಗೆ ನೀರು ಹಂಚುತ್ತಿತ್ತು. ಅಣ್ಣತಮ್ಮಂದಿರ ಆಸ್ತಿ ಹಂಚುವ ಹಿರಿಯರಿಗೆ ಸಿಗದ ಮರ್ಯಾದೆ ಅದಕ್ಕೆ ಸಿಕ್ಕಿತ್ತು, ಏಕೆಂದರೆ ಅದು ಯಾರ ಕಡೆಯ ನೆಂಟನೂ ಆಗಿರಲಿಲ್ಲ.

ದಾಕ್ಷಾಯಿಣಿ ಕೂರುತ್ತಿದ್ದದ್ದು ಪಾಲುಗಾರನ ಪಕ್ಕದ ಕೋಣೆಯಲ್ಲಿ. ನಗರದ ನೀರಿನ ಪ್ರಯೋಗಾಲಯದಲ್ಲಿ ಅವಳು ಕೆಮಿಸ್ಟ್. ವಯಸ್ಸು ಮೂವತ್ತೊಂದು, ಕೆಲಸಕ್ಕೆ ಸೇರಿ ಏಳು ವರ್ಷ. ಬೆಳಿಗ್ಗೆ ಬಂದು ಹಿಂದಿನ ದಿನದ ಅಂಕಿಗಳನ್ನು ಓದುವುದು ಅವಳ ಮೊದಲ ಕೆಲಸ. ನೈಟ್ರೇಟ್ ಇಪ್ಪತ್ತೆರಡು, ಮಿತಿ ನಲವತ್ತೈದು. ಆರ್ಸೆನಿಕ್ ಪತ್ತೆಯಾಗಿಲ್ಲ. ಫ್ಲೋರೈಡ್ ವಾರ್ಡುವಾರು, ನಲವತ್ತೂ ಹಸಿರು. ಕೊನೆಯಲ್ಲಿ ‘ಮಿತಿಯೊಳಗಿದೆ’ ಎಂದು ಬರೆದು ಸಹಿ ಹಾಕಬೇಕು. ಈ ಮಾತನ್ನು ಅವಳು ಎಷ್ಟು ಸಲ ಬರೆದಿದ್ದಳೆಂದರೆ, ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಮನೆಯಲ್ಲಿ ಕೇಳಿದರೆ ಗಂಡ ಮೃತ್ಯುಂಜಯ “ಮಿತಿಯೊಳಗಿದೆ” ಎಂದೇ ಛೇಡಿಸುತ್ತಿದ್ದ.

ಬೇಸಿಗೆಯ ಒಂದು ಮಂಗಳವಾರ ಹದಿನೇಳನೇ ವಾರ್ಡಿನ ಸೆನ್ಸರ್ ಕೈಕೊಟ್ಟಿತು. ಅದು ರಿಪೇರಿ ಆಗುವತನಕ ಯಾರಾದರೂ ಹೋಗಿ ನಲ್ಲಿಯಿಂದ ನೀರು ಹಿಡಿದು ತರಬೇಕು. ಬಿಸಿಲಿಗೆ ಹೆದರಿ ಒಬ್ಬೊಬ್ಬರಿಗೂ ಒಂದೊಂದು ಕೆಲಸ ನೆನಪಾಯಿತು. ದಾಕ್ಷಾಯಿಣಿಯೇ ಬಾಟಲಿ ಹಿಡಿದು ಹೊರಟಳು.

ಹದಿನೇಳು ಎಂದರೆ ಭಟ್ಟಿ ಸಾಲು, ಮಂಡಕ್ಕಿ ಹುರಿಯುವವರ ವಾರ್ಡು. ಹೊಟ್ಟು, ಸೌದೆ, ಹಳೆ ಟೈರು ಉರಿಸುವ ಕಾಲ ಮುಗಿದು ಭಟ್ಟಿಗಳಿಗೆ ಕರೆಂಟು ಬಂದಿತ್ತು. ಹೊಗೆ ಹೋಗಿತ್ತು, ಸೆಕೆ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಅಕ್ಕಿ ಅರಳಬೇಕಾದರೆ ಮರಳು ಕಾಯಲೇಬೇಕು, ಮರಳಿನ ಪಕ್ಕ ನಿಂತವನೂ ಕಾಯಲೇಬೇಕು. ನೀರು ಹಿಡಿಯುವ ನಲ್ಲಿ ಇದ್ದದ್ದು ದಸ್ತಗೀರ್ ಸಾಬರ ಭಟ್ಟಿಯ ಮುಂದೆ. ಅರವತ್ತು ದಾಟಿದ ಸಾಬರು ಕಾದ ಮರಳಿನಲ್ಲಿ ಅಕ್ಕಿ ಆಡಿಸುತ್ತಿದ್ದರು. ಅವರ ಹೆಂಡತಿ ಖೈರುನ್‌ಬಿ ಜರಡಿ ಹಿಡಿದು ಮರಳು ಬೇರೆ, ಮಂಡಕ್ಕಿ ಬೇರೆ ಮಾಡುತ್ತಿದ್ದರು.

“ಬರ್ರಿ ಮೇಡಮ್ಮಾರೆ” ಎಂದು ಸಾಬರು ತಿರುಗಿದರು. ಕುತ್ತಿಗೆ ತಿರುಗಲಿಲ್ಲ, ಇಡೀ ಮೈ ತಿರುಗಿತು, ಬೀರುವನ್ನು ಹೊರಳಿಸಿದ ಹಾಗೆ. ದಾಕ್ಷಾಯಿಣಿ ನಲ್ಲಿಗೆ ಬಾಟಲಿ ಹಿಡಿದಳು. ಅಷ್ಟರಲ್ಲಿ ಸಾಬರು ಗಡಿಗೆಯೊಳಗೆ ತಂಬಿಗೆ ಮುಳುಗಿಸಿ ಎತ್ತಿ, ಗಟಗಟನೆ ಖಾಲಿ ಮಾಡಿದರು. ಲೀಟರ್ ಹಿಡಿಯುವ ಹಳೆಯ ಸ್ಟೀಲ್ ತಂಬಿಗೆ.

ದಾಕ್ಷಾಯಿಣಿ ಸುಮ್ಮನೆ ಮಾತಿಗೆಂದು ಕೇಳಿದಳು. “ದಿನಕ್ಕೆ ಎಷ್ಟ್ ಕುಡಿತೀರಿ ಸಾಬ್ರೆ?”

“ಆರು. ಬ್ಯಾಸಿಗ್ಯಾಗ ಏಳೂ ಆಗ್ತೈತಿ.”

“ಆರು ಲೋಟ?”

ಖೈರುನ್‌ಬಿ ಜರಡಿ ನಿಲ್ಲಿಸಿ ನಕ್ಕುಬಿಟ್ಟರು. “ಲೋಟದಾಗ ಯಾರ್ ನೀರ್ ಕುಡಿತಾರವ್ವ? ಲೋಟ ಚಾಕ್ಕೆ. ನೀರು ಅಂದ್ರ ತಂಬಿಗಿ. ಹಿಂದೆ ಒಂದ್ಸಲ ನಿಮ್ಮ ಆಫೀಸಿಂದ ಬರ್ಕೊಳ್ಳಾಕ ಒಂದು ಹುಡ್ಗಿ ಬಂದಿತ್ತು. ಅದಕ್ಕೂ ಇದೇ ಹೇಳಿದ್ವಿ, ಆರು ಅಂತ. ಈ ಸಾಲ್ನಾಗ ಎಲ್ರದ್ದೂ ಆರು, ಏಳು. ಪಾಪ, ಬಿಸಿಲಾಗ ಬಂದಿತ್ತು, ಮಂಡಕ್ಕಿ ಕೊಟ್ಟೆ. ತಿನ್ಕೊಂತ ಬರ್ಕೊಂಡು ಹೋತು.”

ಬಾಟಲಿ ತುಂಬಿ ದಾಕ್ಷಾಯಿಣಿಯ ಕೈಮೇಲೆ ಚೆಲ್ಲುತ್ತಿತ್ತು. ಆ ಹುಡುಗಿ ಅವಳೇ.

ಒಂಬತ್ತು ವರ್ಷದ ಹಿಂದೆ, ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ, ಮನೆಮನೆ ಸಮೀಕ್ಷೆಗೆ ಕಾಲೇಜಿನವರನ್ನೇ ಹಾಕಿದ್ದರು. ಕೈಯಲ್ಲೊಂದು ಟ್ಯಾಬ್ ಕೊಟ್ಟಿದ್ದರು. ‘ದಿನಕ್ಕೆ ಕುಡಿಯುವ ನೀರು’ ಎಂಬುದರ ಮುಂದೆ ಒಂದು ಚೌಕ, ಅದರಲ್ಲಿ ಬರೀ ಅಂಕಿ ಒತ್ತಬೇಕು. ತರಬೇತಿಯ ದಿನ ಮೇಜಿನ ಮೇಲೆ ಒಂದು ಲೋಟ ಇಟ್ಟು ಹೇಳಿಯೂ ಇದ್ದರು: ಇದು ಕಾಲು ಲೀಟರ್ ಲೋಟ, ಎಲ್ಲರ ನೀರನ್ನೂ ಇದರಲ್ಲೇ ಅಳೆಯಬೇಕು. ಅವಳು ಅದನ್ನು ಕೇಳಿಸಿಕೊಂಡಿದ್ದಳು, ಮರೆತಿದ್ದಳು. ಅವಳ ತವರಿನಲ್ಲೂ ನೀರು ಎಂದರೆ ತಂಬಿಗೆಯೇ. ಎಷ್ಟು ಎಂದು ಕೇಳಿದಳು, ಯಾವುದರಲ್ಲಿ ಎಂದು ಕೇಳಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರಾದರೂ ಕೇಳುತ್ತಾರೆಯೇ? ಅವರು ಆರು ಎಂದರು, ಅವಳು ಆರು ಒತ್ತಿದಳು. ಪಾಲುಗಾರನ ಹೊಟ್ಟೆಯೊಳಗೆ ಅದು ಆರು ಲೋಟ ಎಂದು ಕೂತುಕೊಂಡಿತು.

ಅವತ್ತು ಭಟ್ಟಿಯ ಮುಂದೆ ಅವಳು ಏನೂ ಹೇಳಲಿಲ್ಲ. ಬಾಟಲಿಗೆ ಮುಚ್ಚಳ ಹಾಕಿ “ಬರ್ತೀನ್ರಿ” ಎಂದು ಹೊರಟಳು. ಹೇಳಲು ಧೈರ್ಯ ಬರಲಿಲ್ಲ, ಅಷ್ಟೆ.

ಪ್ರಯೋಗಾಲಯಕ್ಕೆ ಬಂದು ಲೆಕ್ಕ ಹಾಕಿದಳು. ಎರಡನೇ ಇಯತ್ತೆಯ ಲೆಕ್ಕ. ಆರು ಲೋಟವೆಂದರೆ ಒಂದೂವರೆ ಲೀಟರ್. ಒಂದೂವರೆ ಲೀಟರಿನಲ್ಲಿ ಮೂರು ಮಿಲಿಗ್ರಾಂ ಇರಬಹುದು, ಆದ್ದರಿಂದ ಲೀಟರಿಗೆ ಎರಡು. ಭಟ್ಟಿ ಸಾಲಿನವರು ಕಡಿಮೆ ಕುಡಿಯುವವರು ಎಂದು ಪಾಲುಗಾರ ಒಂಬತ್ತು ವರ್ಷದಿಂದ ಅವರಿಗೆ ಇದೇ ನೀರು ಬಿಟ್ಟಿತ್ತು. ಅವರು ಕುಡಿಯುತ್ತಿದ್ದದ್ದು ಆರು ಲೀಟರ್. ದಿನಕ್ಕೆ ಹನ್ನೆರಡು ಮಿಲಿಗ್ರಾಂ, ಮಿತಿಯ ನಾಲ್ಕು ಪಟ್ಟು. ಮೂಳೆಗೆ ಸೇರಿ ಸೇರಿ ಕುತ್ತಿಗೆಯನ್ನು ಕಂಬ ಮಾಡಲು ಅಷ್ಟು ಸಾಕು. ಆ ಕಂಬದ ಕೆಳಗೆ ಏಳು ವರ್ಷ ಪ್ರತಿದಿನ ಅವಳ ಸಹಿ ಇತ್ತು.

ಕೋಟೆ ಬಡಾವಣೆಯ ಅಂಕಿಯನ್ನೂ ತೆಗೆದು ನೋಡಿದಳು. ಅದು ಅವಳದೇ ಬಡಾವಣೆ, ಓದಿದವರು ಹೆಚ್ಚು. ಅಲ್ಲಿ ಸಮೀಕ್ಷೆಗೆ ಯಾರೂ ಹೋಗಿರಲಿಲ್ಲ, ಜನರೇ ಮೊಬೈಲಿನಲ್ಲಿ ತುಂಬಿದ್ದರು. ಮನೆಮನೆಗೂ ಎಂಟು, ಎಂಟು, ಎಂಟು. ಸಾಲು ನೋಡಿದ ಕೂಡಲೇ ಅವಳಿಗೆ ಅರ್ಥವಾಯಿತು. ದಿನಕ್ಕೆ ಎಂಟು ಲೋಟ ನೀರು ಕುಡಿಯಬೇಕು ಎಂದು ಡಾಕ್ಟರು ಹೇಳುತ್ತಾರಲ್ಲ, ಅದನ್ನೇ ಬರೆದಿದ್ದರು. ಭಟ್ಟಿಯವರು ಕುಡಿಯುವುದನ್ನು ಹೇಳಿದ್ದರು, ಬಡಾವಣೆಯವರು ಕುಡಿಯಬೇಕಾದದ್ದನ್ನು ಬರೆದಿದ್ದರು. ಹೆಚ್ಚು ಕುಡಿಯುವ ಈ ಸಜ್ಜನರಿಗೆ ಪಾಲುಗಾರ ಒಳ್ಳೆಯ ನೀರನ್ನೇ ಕೊಡುತ್ತ ಬಂದಿತ್ತು, ಲೀಟರಿಗೆ ಬರೀ ಸೊನ್ನೆ ಬಿಂದು ಒಂಬತ್ತು.

ಸಂಜೆ ಮನೆಯಲ್ಲಿ ಎಲ್ಲವನ್ನೂ ಗಂಡನಿಗೆ ಹೇಳಿದಳು. ಮೃತ್ಯುಂಜಯ ಹೈಸ್ಕೂಲಿನ ಗಣಿತದ ಮೇಷ್ಟ್ರು, ಅಂಕಿಗಳಿಗೆ ಹೆದರುವವನಲ್ಲ. ಐದು ವರ್ಷದ ಮಗಳು ಇಂಚರ ಪಕ್ಕದಲ್ಲಿ ಕೂತು ಬಣ್ಣ ಬಳಿಯುತ್ತಿದ್ದಳು.

“ಸರಿ ಮಾಡಿದ್ರೆ ನಮ್ಮ ನಲ್ಲಿಯಲ್ಲಿ ಎಷ್ಟು ಬರುತ್ತೆ?” ಎಂದ.

“ಒಂದು ಬಿಂದು ಆರು. ಎರಡೂ ಕಡೆ ನಿಜವಾಗಿ ಎಷ್ಟು ಕುಡೀತಾರೆ ಅನ್ನೋ ಅಂದಾಜು ಪಾಲುಗಾರನಲ್ಲಿ ಹಾಕಿ ನೋಡ್ದೆ. ನದಿ ನೀರು ಇರೋದೇ ಅಷ್ಟು. ಅವ್ರಿಗೆ ಕೊಟ್ಟಿದ್ದು ನಮ್ಮಿಂದಲೇ ಹೋಗ್ಬೇಕು.”

“ಇಂಚರಾಗೆ?”

“ಅವಳು ಕುಡಿಯೋದು ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ. ದಿನಕ್ಕೆ ಸೊನ್ನೆ ಬಿಂದು ಎಂಟೆಂಟು ಮಿಲಿಗ್ರಾಂ. ಮಕ್ಕಳ ಮಿತಿ ಒಂದು.”

“ಮಿತಿಯೊಳಗಿದೆ” ಎಂದ ಮೃತ್ಯುಂಜಯ. ಈ ಸಲ ಛೇಡಿಸುವ ದನಿ ಇರಲಿಲ್ಲ. ಮತ್ತೆ ಕೇಳಿದ, “ಮಿತಿಯೊಳಗಿದ್ರೆ ಏನೂ ಆಗಲ್ಲ ತಾನೆ?”

ಏಳು ವರ್ಷ ಅದನ್ನೇ ಬರೆದವಳು ಮಗಳ ಬಾಯಿಯ ಕಡೆ ನೋಡಿದಳು. ಇಂಚರಳ ಕಾಯಂ ಹಲ್ಲುಗಳು ಒಸಡಿನೊಳಗೆ ತಯಾರಾಗುವ ವಯಸ್ಸು ಅದು. ದಿನಕ್ಕೆ ಅರ್ಧ ಮಿಲಿಗ್ರಾಂ ಇದ್ದದ್ದು ಸೊನ್ನೆ ಬಿಂದು ಎಂಟೆಂಟಾದರೆ ಹಲ್ಲಿನ ಮೇಲೆ ಒಂದೆರಡು ಬಿಳಿ ಮಚ್ಚೆ ಬಂದರೂ ಬರಬಹುದು. ಬಾರದೆಯೂ ಇರಬಹುದು. ಮಿತಿ ಎಂಬುದು ಬೇಲಿಯಲ್ಲ, ಯಾರೋ ಕೂತು ಎಳೆದ ಗೆರೆ. ಈಚೆ ಕಡೆ ನಿಂತವರಿಗೆ ಆಚೆಯದರ ಭಯ ಪೂರ್ತಿ ಬಿಡುವುದಿಲ್ಲ. ಬೇರೆಯವರ ಮಕ್ಕಳಿಗೆ ಅವಳು ಇಷ್ಟು ಯೋಚನೆ ಮಾಡಿರಲಿಲ್ಲ. ಸುಮ್ಮನಿದ್ದುಬಿಡೋಣ ಎಂದು ಅವಳಿಗೆ ಒಂದು ಗಳಿಗೆ ಅನಿಸಿದ್ದು ನಿಜ. ಹೆತ್ತವಳಿಗೆ ಹಾಗೆ ಅನಿಸದಿದ್ದರೇ ಆಶ್ಚರ್ಯ.

ಮರುದಿನ ಬೆಳಿಗ್ಗೆ ಮುಖ್ಯ ಎಂಜಿನಿಯರ್ ವಾಮದೇವಪ್ಪನವರ ಎದುರು ನಿಂತು ಎಲ್ಲವನ್ನೂ ಹೇಳಿದಳು. ತಾನೇ ಆ ಹುಡುಗಿ ಎಂಬುದನ್ನೂ ಬಿಡಲಿಲ್ಲ. ವಾಮದೇವಪ್ಪ ಕೆಟ್ಟವರಲ್ಲ. ಒಂದು ಕಡೆ ಕೈ ಹಾಕಿದರೆ ಇನ್ನೊಂದು ಕಡೆ ಸೋರುತ್ತದೆ ಎಂದು ಮೂವತ್ತು ವರ್ಷ ಪೈಪುಗಳ ಜೊತೆ ಬಾಳಿ ಕಲಿತವರು.

“ಹದಿನೇಳು ಒಂದೇನಾ?” ಎಂದರು. “ಉಳಿದ ವಾರ್ಡಲ್ಲಿ ಯಾವ ಮನೆಯವ್ರು ತಂಬಿಗೆ ಲೆಕ್ಕ ಹೇಳಿದ್ರು, ಯಾವ ಮನೆಯವ್ರು ಲೋಟದ ಲೆಕ್ಕ?”

“ಗೊತ್ತಾಗಲ್ಲ ಸರ್. ಬರೀ ಅಂಕಿ ಇದೆ.”

“ಹಂಗಾದ್ರೆ ಊರಿಗೆಲ್ಲ ಮತ್ತೆ ಕೇಳ್ಬೇಕು. ಇದು ಬಿಸಿತುಪ್ಪ ಕಣಮ್ಮ, ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ.” ಆದರೂ ಕೇಳಲು ಒಪ್ಪಿದರು. ಹೊಸ ಅರ್ಜಿಯಲ್ಲಿ ತಂಬಿಗೆಯ ಚಿತ್ರ ಬೇರೆ, ಲೋಟದ ಚಿತ್ರ ಬೇರೆ ಹಾಕಿಸಿದರು. ಎಲ್ಲರೂ ಮೊಬೈಲಿನಲ್ಲೇ ತುಂಬಲಿ, ಒಂದು ವಾರ ಸಮಯ ಎಂದರು.

ಆ ವಾರದೊಳಗೆ ಊರಿಗೆಲ್ಲ ಗುಟ್ಟು ಗೊತ್ತಾಗಿಹೋಯಿತು. ಹೆಚ್ಚು ಕುಡಿಯುವವರಿಗೆ ಒಳ್ಳೆಯ ನೀರು! ಇಷ್ಟು ವರ್ಷ ಪಾಲುಗಾರನ ಗೊಡವೆಗೆ ಹೋಗದ ಹರಳಕೋಟೆಗೆ ಹಠಾತ್ತನೆ ಬಾಯಾರಿತು. ಒಬ್ಬರು ಹತ್ತು ತಂಬಿಗೆ ಎಂದರೆ ಪಕ್ಕದ ಮನೆಯವರು ಹನ್ನೆರಡು ಎಂದರು. ಕೋಟೆ ಬಡಾವಣೆಯ ಎಂಬತ್ತು ವರ್ಷದ ನಿವೃತ್ತ ತಹಶೀಲ್ದಾರರೊಬ್ಬರು ದಿನಕ್ಕೆ ಹದಿನೈದು ತಂಬಿಗೆ ನೀರು ಕುಡಿಯುವುದಾಗಿ ಬರೆದು, ಷರಾದಲ್ಲಿ ‘ಕೆಲವೊಮ್ಮೆ ಹದಿನಾರು’ ಎಂದು ಸೇರಿಸಿದ್ದರು.

“ಇಷ್ಟು ಕುಡಿದ್ರೆ ಆಸ್ಪತ್ರೆ ಸೇರ್ಬೇಕಾಗುತ್ತೆ ಇವ್ರು” ಎಂದರು ವಾಮದೇವಪ್ಪ.

ಅಂಕಿಗಳನ್ನು ಉಣಿಸಿದಾಗ ಪಾಲುಗಾರ ಮುಕ್ಕಾಲು ಗಂಟೆ ತಿಣುಕಿ, ‘ಹಂಚಿಕೆ ಸಾಧ್ಯವಿಲ್ಲ’ ಎಂದು ತೋರಿಸಿ ಸುಮ್ಮನಾಯಿತು. ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಇದ್ದ ನಲವತ್ತು ಹಸಿರು ಚುಕ್ಕೆಗಳು ಒಟ್ಟಿಗೆ ಕೆಂಪಾದವು. ಅಂಥದ್ದನ್ನು ಅಲ್ಲಿ ಯಾರೂ ನೋಡಿರಲಿ‌ಲ್ಲ. ವಾಮದೇವಪ್ಪ ಬೆವರು ಒರೆಸಿಕೊಂಡು ಹಳೆಯ ಅಂಕಿಗಳನ್ನೇ ಮತ್ತೆ ಹಾಕಿಸಿದರು. ಚುಕ್ಕೆಗಳು ಹಸಿರಾದವು. ಭಟ್ಟಿ ಸಾಲಿಗೆ ಮತ್ತೆ ಲೀಟರಿಗೆ ಎರಡು ಮಿಲಿಗ್ರಾಮಿನ ನೀರು ಹರಿಯತೊಡಗಿತು.

ದಾಕ್ಷಾಯಿಣಿ ಮನೆಗೆ ಬಂದು ತಮ್ಮ ಮನೆಯ ಅರ್ಜಿ ತೆಗೆದು ನೋಡಿದಳು. ಗಂಡ ತುಂಬಿದ್ದ. ತನಗೆ ಹತ್ತು ತಂಬಿಗೆ, ಹೆಂಡತಿಗೆ ಹತ್ತು, ಇಂಚರಳಿಗೆ ಐದು.

“ನಾಚಿಕೆ ಆಗಲ್ವೇನ್ರೀ? ದಿನಕ್ಕೆ ಮೂರು ಲೋಟ ನೀರು ಕುಡಿಯೋರು ನೀವು. ಮಿಕ್ಕಿದ್ದೆಲ್ಲ ಟೀ.”

“ಇಡೀ ಬಡಾವಣೆ ಹಂಗೇ ಬರ್ದಿದೆ. ನಾವೊಬ್ರೇ ಸತ್ಯ ಬರ್ದು ಮಗೂ ಹಲ್ಲು ಹಾಳು ಮಾಡ್ಕೋಬೇಕಾ?”

“ಐದು ತಂಬಿಗೆ! ಅಷ್ಟು ಕುಡಿದಿದ್ರೆ ಈ ಮಗು ಸ್ಕೂಲಿಗೆ ಹೋಗ್ತಿರಲಿಲ್ಲ, ಬಚ್ಚಲಲ್ಲೇ ಇರ್ತಿತ್ತು.”

ಹೇಳಿದವಳು ಅಲ್ಲೇ ನಿಂತಳು. ಬಾಯಿಗೆ ಬಂದದ್ದು ಬೈಗುಳವಾದರೂ ಅದರೊಳಗೆ ರಸಾಯನಶಾಸ್ತ್ರ ಇತ್ತು. ದೊಡ್ಡವರ ಮೈಗೆ ಹೋದ ಫ್ಲೋರೈಡಿನಲ್ಲಿ ಹೆಚ್ಚುಕಡಿಮೆ ಅರ್ಧ ಮೂತ್ರದಲ್ಲಿ ಹೊರಗೆ ಬರುತ್ತದೆ. ಅದನ್ನು ಅಳೆದರೆ ಒಳಗೆ ಹೋದದ್ದೆಷ್ಟು ಎಂದು ತಿಳಿಯುತ್ತದೆ. ಯಾವ ವಾರ್ಡಿನ ನಲ್ಲಿಯಲ್ಲಿ ಎಷ್ಟು ಫ್ಲೋರೈಡ್ ಇದೆ ಎಂಬುದು ಮೊದಲೇ ಗೊತ್ತು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಎಷ್ಟು ಲೀಟರ್ ಕುಡಿದರು ಎಂಬ ಉತ್ತರ. ಯಾರ ಬಾಯಿಯನ್ನೂ ನಂಬಬೇಕಾಗಿಲ್ಲ, ಲೋಟ ತಂಬಿಗೆಗಳ ಹಂಗೂ ಇಲ್ಲ.

ಮರುದಿನ ಇದನ್ನು ಕೇಳಿ ವಾಮದೇವಪ್ಪ ಮೊದಲು ನಕ್ಕರು. “ನೀರು ಕೊಡೋ ಆಫೀಸಮ್ಮ ಇದು. ಉಚ್ಚೆ ಹಿಡಿಯೋ ಆಫೀಸು ಅಂತ ಊರು ಆಡ್ಕೊಳ್ಳಲ್ವಾ?” ದಾಕ್ಷಾಯಿಣಿ ನಗಲಿಲ್ಲ. ದಸ್ತಗೀರ್ ಸಾಬರು ಹೇಗೆ ತಿರುಗುತ್ತಾರೆ ಎಂಬುದನ್ನು ಎದ್ದು ನಿಂತು, ಕುತ್ತಿಗೆ ಸೆಟೆಸಿ, ಮೈ ಹೊರಳಿಸಿ ತೋರಿಸಿದಳು. ವಾಮದೇವಪ್ಪ ಆಮೇಲೆ ನಗಲಿಲ್ಲ.

ವಾರ್ಡಿಗೆ ಐವತ್ತು ಮನೆ ಎಂದು ಚೀಟಿ ಎತ್ತಿ ಆರಿಸಿದರು. ಭಟ್ಟಿ ಸಾಲಿನವರು ಬಾಟಲಿ ಕೊಟ್ಟ ದಿನವೇ ತುಂಬಿಸಿ ಕಳಿಸಿದರು. ಕೋಟೆ ಬಡಾವಣೆಯಲ್ಲಿ ಬಾಗಿಲೇ ತೆರೆಯಲಿಲ್ಲ. ಮರ್ಯಾದಸ್ಥರ ಮನೆಗೆ ಬಂದು ಕೇಳುವಂಥದ್ದೇ ಇದು ಎಂದು ನಿವೃತ್ತ ತಹಶೀಲ್ದಾರರು ಕಿಟಕಿಯಿಂದಲೇ ಗದರಿದರು. ಆಗ ವಾಮದೇವಪ್ಪ ಒಂದು ಸಾಲಿನ ಸುತ್ತೋಲೆ ಹೊರಡಿಸಿದರು: ಮೂತ್ರ ಕೊಡದ ವಾರ್ಡನ್ನು ಊರಿನಲ್ಲೇ ಅತಿ ಕಡಿಮೆ ನೀರು ಕುಡಿಯುವ ವಾರ್ಡು ಎಂದು ಪರಿಗಣಿಸಲಾಗುವುದು. ಮರ್ಯಾದೆ ಎರಡು ದಿನ ತಡೆಯಿತು. ಮೂರನೇ ದಿನ ಬೆಳಿಗ್ಗೆ ಪ್ರಯೋಗಾಲಯದ ಜಗಲಿಯ ಮೇಲೆ ಮೊದಲು ಬಂದು ನಿಂತವನು ಮೃತ್ಯುಂಜಯ. ಕೈಯಲ್ಲಿ ವೃತ್ತಪತ್ರಿಕೆ ಸುತ್ತಿದ ಮೂರು ಬಾಟಲಿ, ಒಂದು ಚಿಕ್ಕದು. ಹೆಂಡತಿಯ ಮುಖ ನೋಡದೆ ಮೇಜಿನ ಮೇಲಿಟ್ಟು ಶಾಲೆಗೆ ಹೋದ. ಅವನ ಹಿಂದೆ ಬಡಾವಣೆಯ ಚೀಲಗಳು ಒಂದೊಂದಾಗಿ ಬಂದವು.

ಪರೀಕ್ಷೆ ಮುಗಿಯಲು ಹನ್ನೊಂದು ದಿನ ಹಿಡಿಯಿತು. ತಹಶೀಲ್ದಾರರ ಹದಿನೈದು ತಂಬಿಗೆ ಮೂರು ಲೋಟಕ್ಕೆ ಇಳಿಯಿತು. ಬಡಾವಣೆಯ ದೊಡ್ಡವರು ಕುಡಿಯುತ್ತಿದ್ದದ್ದು ಸರಾಸರಿ ಒಂದು ಲೀಟರ್. ಭಟ್ಟಿ ಸಾಲಿನವರು ಆರು, ದಸ್ತಗೀರ್ ಸಾಬರು ಆರೂಮುಕ್ಕಾಲು. ಅವರು ಒಂಬತ್ತು ವರ್ಷದ ಹಿಂದೆ ಹೇಳಿದ್ದರಲ್ಲಿ ಒಂದು ಹನಿಯೂ ಸುಳ್ಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊಸ ಅಂಕಿಗಳನ್ನು ಪಾಲುಗಾರ ತಕರಾರಿಲ್ಲದೆ ನುಂಗಿತು. ಎಲ್ಲೋ ನೆಲದಡಿಯಲ್ಲಿ ಕವಾಟಗಳು ತಿರುಗಿದವು. ಗೋಡೆಯ ಮೇಲೆ ಹದಿನೇಳನೇ ವಾರ್ಡಿನ ಎದುರು ಎರಡು ಇದ್ದದ್ದು ಇಳಿಯುತ್ತ ಇಳಿಯುತ್ತ ಮಧ್ಯಾಹ್ನದ ಹೊತ್ತಿಗೆ ಅರ್ಧ ಮಿಲಿಗ್ರಾಮಿಗೂ ಕೆಳಗೆ ನಿಂತಿತು. ಕೋಟೆ ಬಡಾವಣೆಯದು ಏರುತ್ತ ಏರುತ್ತ ಒಂದು ಬಿಂದು ಆರಕ್ಕೆ ಬಂತು. ನಲವತ್ತೂ ಹಸಿರು. ದಾಕ್ಷಾಯಿಣಿ ವರದಿ ಬರೆದು ಸಹಿ ಹಾಕಿದಳು. ಮಗಳ ಬಾಯಿ ನೆನಪಾಯಿತು, ಆದರೂ ಹಾಕಿದಳು.

ಶನಿವಾರ ಮಧ್ಯಾಹ್ನ ಪರೀಕ್ಷೆಯ ಫಲಿತಾಂಶದ ಕಾಗದ ಹಿಡಿದು ಭಟ್ಟಿ ಸಾಲಿಗೆ ಹೋದಳು. ಕಾಗದವನ್ನು ಬೇರೆಯವರ ಕೈಲಿ ಕಳಿಸಬಹುದಿತ್ತು. ಹೇಳಬೇಕಾದದ್ದನ್ನು ಕಳಿಸಲು ಬರುವುದಿಲ್ಲ. ಭಟ್ಟಿ ಆರಿತ್ತು. ದಸ್ತಗೀರ್ ಸಾಬರು ಗೋಡೆಯ ನೆರಳಲ್ಲಿ ಸ್ಟೂಲಿನ ಮೇಲೆ ಕೂತಿದ್ದರು.

“ಇನ್ನು ನೀರು ಚಲೋ ಬರುತ್ತೆ ಸಾಬ್ರೆ. ಏಳು ತಂಬಿಗೆ ಕುಡಿದ್ರೂ ಚಿಂತೆ ಇಲ್ಲ” ಎಂದಳು.

“ಕುತ್ತಿಗಿ ತಿರುಗ್ತೈತೇನು ಮೇಡಮ್ಮಾರೆ?”

“ಇಲ್ಲ ಸಾಬ್ರೆ. ಮೂಳೆಗೆ ಸೇರಿದ್ದು ಹೊರಗೆ ಬರೋದು ಕಷ್ಟ. ಇನ್ನು ಜಾಸ್ತಿ ಆಗಲ್ಲ, ಅಷ್ಟೇ. ಈಗ ಹುಟ್ಟೋ ಮಕ್ಕಳಿಗೆ ಏನೂ ಆಗಲ್ಲ.” ಉಸಿರು ತೆಗೆದುಕೊಂಡು ಉಳಿದದ್ದನ್ನೂ ಹೇಳಿದಳು. “ಆವತ್ತು ಬರ್ಕೊಂಡು ಹೋದ ಹುಡುಗಿ ನಾನೇ. ಯಾವುದ್ರಲ್ಲಿ ಕುಡಿತೀರಿ ಅಂತ ಕೇಳ್ಬೇಕಿತ್ತು. ಕೇಳ್ಲಿಲ್ಲ. ಆರು ಲೋಟ ಅಂತ ಆಗಿಹೋಯ್ತು. ಅದಕ್ಕೇ ನಿಮಗೆ ಕೆಟ್ಟ ನೀರು ಬಂತು.”

ಖೈರುನ್‌ಬಿ ಮಂಡಕ್ಕಿ ಚೀಲದ ಬಾಯಿ ಹೊಲಿಯುತ್ತಿದ್ದವರು ದಬ್ಬಣ ಕೆಳಗಿಟ್ಟರು. ಅವರ ಮುಖ ಕೆಂಪಾಗಿತ್ತು.

“ಒಂದು ಮಾತು” ಎಂದರು. “ಲೋಟಾನೋ ತಂಬಿಗೀನೋ ಅಂತ ಒಂದು ಮಾತು ಕೇಳಿದ್ರ ನಿನ್ ಬಾಯಿ ಸವೀತಿತ್ತೇನು? ಇಲ್ಲೇ ಕುಂತಿದ್ದಿ. ನನ್ನ ಕೈಯಾಗಿನ ಮಂಡಕ್ಕಿ ತಿಂದಿ.”

ದಾಕ್ಷಾಯಿಣಿ ತಲೆ ತಗ್ಗಿಸಿ ನಿಂತಳು. ತಪ್ಪಾಯಿತು ಎಂದಳು. ಮೆತ್ತಗೆ ಹೇಳಿದ್ದರಿಂದಲೋ ಏನೋ, ಆ ಮಾತು ಅಲ್ಲಿ ಏನೂ ಮಾಡಲಿಲ್ಲ.

ಅಷ್ಟರಲ್ಲಿ ಮಸೀದಿಯಿಂದ ಅಜಾನ್ ಕೇಳಿಸಿತು. ದಸ್ತಗೀರ್ ಸಾಬರು ಮೆಲ್ಲಗೆ ಎದ್ದು ಕೈಕಾಲು ತೊಳೆದು ಬಂದರು. ಸ್ಟೂಲನ್ನು ಪಶ್ಚಿಮಕ್ಕೆ ತಿರುಗಿಸಿ, ಮುಂದೆ ನೆಲಕ್ಕೆ ಚಾಪೆ ಹಾಸಿ, ಸ್ಟೂಲಿನ ಮೇಲೆಯೇ ಕೂತು ನಮಾಜು ಶುರು ಮಾಡಿದರು. ಹಣೆಯನ್ನು ನೆಲಕ್ಕೆ ಊರಬೇಕಾದ ಕಡೆ ಬೆನ್ನು ಒಂದಿಷ್ಟು ಮುಂದಕ್ಕೆ ಬಾಗಿ ಅಲ್ಲಿಗೇ ನಿಂತುಬಿಡುತ್ತಿತ್ತು. ಚಾಪೆ ಕೆಳಗೆ ಖಾಲಿ ಬಿದ್ದಿತ್ತು.

ನಮಾಜು ಮುಗಿಯಿತು. ಆಮೇಲೆ ಖೈರುನ್‌ಬಿ ತಗ್ಗಿದ ದನಿಯಲ್ಲಿ ಹೇಳಿದರು. “ಇವ್ರ ಹಣಿ ನೆಲ ಮುಟ್ಟಿ ನಾಕು ವರ್ಷ ಆತು. ಪುಸ್ತಕ ತಂದೀಯೇನು?”

“ತಂದೀನಿ ಬೂಬಮ್ಮ.”

“ಆವತ್ತು ಬರ್ಕೊಂಡಿ, ಇವತ್ತೂ ಬರ್ಕೋ. ಇವ್ರ ಹಣಿಗೂ ನೆಲಕ್ಕೂ ನಾಕು ಗೇಣು. ನಾನೇ ಅಳ್ದೀನಿ.”

ದಾಕ್ಷಾಯಿಣಿ ಬರೆದಳು.

“ಏನ್ ಬರ್ದಿ? ಓದು.”

“ಹಣೆಗೂ ನೆಲಕ್ಕೂ ನಾಲ್ಕು ಗೇಣು.”

“ಯಾರ ಗೇಣು?” ಎಂದರು ಖೈರುನ್‌ಬಿ.

ದಾಕ್ಷಾಯಿಣಿಯ ಪೆನ್ನು ನಿಂತಿತು. ಖೈರುನ್‌ಬಿ ಹೆಬ್ಬೆರಳಿಂದ ಕಿರುಬೆರಳಿನವರೆಗೆ ಬಲಗೈ ಚಾಚಿ ಅವಳ ಮುಂದೆ ಹಿಡಿದರು. ಬಿಸಿ ಮರಳಿಗೆ ಸುಟ್ಟು ಸುಟ್ಟು ದಡ್ಡುಗಟ್ಟಿದ ಚಿಕ್ಕ ಕೈ. ದಾಕ್ಷಾಯಿಣಿ ಚೀಲದಿಂದ ಸ್ಕೇಲು ತೆಗೆದು ಆ ಕೈಗೆ ಹಚ್ಚಿ ನೋಡಿದಳು. ಹದಿನೆಂಟು ಸೆಂಟಿಮೀಟರ್. ಬರೆದುಕೊಂಡಳು.